ನಿಸರ್ಗದ ಆಯ್ಕೆಯನ್ನು ಕಂಪನಿಯೊಳಗೆ ಕೆಲಸಕ್ಕೆ ಹಚ್ಚುವುದು ಹೇಗೆ

ಮ್ಯಾನೇಜ್‌ಮೆಂಟ್ ತರಬೇತಿಗೆ ಹೋದವರು ಒಂದು ಸ್ಲೈಡ್ ನೋಡಿಯೇ ಇರುತ್ತಾರೆ. ಬಿಳಿ ಗಡ್ಡದ ಡಾರ್ವಿನ್ ಚಿತ್ರ. ಪಕ್ಕದಲ್ಲಿ ಒಂದು ಮಾತು: ಉಳಿಯುವುದು ಬಲಶಾಲಿಯಲ್ಲ, ಬುದ್ಧಿವಂತನೂ ಅಲ್ಲ, ಬದಲಾವಣೆಗೆ ಹೊಂದಿಕೊಳ್ಳುವವನು. ಇದು ಡಾರ್ವಿನ್ ಹೇಳಿದ್ದಲ್ಲ. ಲಿಯಾನ್ ಮೆಗ್ಗಿನ್ಸನ್ ಎಂಬ ಅಮೆರಿಕದ ಮ್ಯಾನೇಜ್‌ಮೆಂಟ್ ಪ್ರೊಫೆಸರ್ 1963ರಲ್ಲಿ ಡಾರ್ವಿನ್ ವಿಚಾರವನ್ನು ತಮ್ಮದೇ ಮಾತಿನಲ್ಲಿ ಹೇಳಿದರು. ಅದು ಬಾಯಿಂದ ಬಾಯಿಗೆ ಹೋಗಿ ಡಾರ್ವಿನ್ ಹೆಸರಿಗೆ ಅಂಟಿಕೊಂಡಿತು. ಯಾರ ಮಾತು ಅನ್ನುವುದಕ್ಕಿಂತ, ಅದನ್ನು ನಂಬಿದರೆ ನಮ್ಮ ಶ್ರಮ ಎಲ್ಲಿ ಹೋಗುತ್ತದೆ ಅನ್ನುವುದೇ ನನ್ನ ಚಿಂತೆ. ಒಬ್ಬೊಬ್ಬ ನೌಕರನನ್ನೂ ಕೂರಿಸಿಕೊಂಡು ‘ನೀನು ಬದಲಾಗು’ ಎಂದು ಹೇಳುವುದರಲ್ಲೇ ವರ್ಷಗಳು ಕಳೆದುಹೋಗುತ್ತವೆ.

ನಾನು ಓದಿದ್ದು ಜೀವಶಾಸ್ತ್ರ. ಈಗ ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡುವ ಕಂಪನಿಯೊಂದರಲ್ಲಿ ಗ್ರಾಹಕ ಸೇವಾ ತಂಡವನ್ನು ನಡೆಸುತ್ತೇನೆ. ಓದಿದ್ದಕ್ಕೂ ಮಾಡುವ ಕೆಲಸಕ್ಕೂ ನಂಟಿದೆ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಆ ನಂಟನ್ನು ನೀವೂ ಬಳಸಲು ಬರುವಂತೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪತಂಗದ ವಿಷಯ. ಇಂಗ್ಲೆಂಡಿನಲ್ಲಿ ಪೆಪ್ಪರ್ಡ್ ಮಾತ್ ಎಂಬ ಪತಂಗವಿದೆ. ಮೈಮೇಲೆ ಕಾಳುಮೆಣಸಿನ ಪುಡಿ ಉದುರಿಸಿದಂಥ ಚುಕ್ಕೆ, ಉಳಿದದ್ದೆಲ್ಲ ಬಿಳುಪು. ಮ್ಯಾಂಚೆಸ್ಟರ್ ಬಳಿ 1848ರಲ್ಲಿ ಒಂದು ಕಪ್ಪು ಪತಂಗ ಸಿಕ್ಕಿದ್ದು ದಾಖಲಾಗಿದೆ. ಆಗ ಅದು ಅಪರೂಪ. ಕಾರ್ಖಾನೆಗಳ ಮಸಿ ಮರದ ತೊಗಟೆಯನ್ನು ಕಪ್ಪು ಮಾಡಿತು. ಬಿಳಿ ಪತಂಗ ಹಕ್ಕಿಗಳ ಕಣ್ಣಿಗೆ ಸುಲಭವಾಗಿ ಬಿತ್ತು, ಕಪ್ಪು ಪತಂಗ ಉಳಿಯಿತು. 1895ರ ಹೊತ್ತಿಗೆ ಅಲ್ಲಿನ ಪತಂಗಗಳಲ್ಲಿ ಸುಮಾರು ಶೇ. 98 ಕಪ್ಪು. 1956ರಲ್ಲಿ ಹೊಗೆ ತಡೆಯುವ ಕಾನೂನು ಬಂತು, ಗಾಳಿ ತಿಳಿಯಾಯಿತು, ಬಿಳಿ ಪತಂಗಗಳು ಮತ್ತೆ ಹೆಚ್ಚಿದವು.

ಇದರಲ್ಲಿ ಒಂದು ಪತಂಗವೂ ಬಣ್ಣ ಬದಲಾಯಿಸಲಿಲ್ಲ. ಬಿಳಿಯದು ಬಿಳಿಯಾಗೇ ಬದುಕಿ ಬಿಳಿಯಾಗೇ ಸತ್ತಿತು. ಬದಲಾದದ್ದು ಗುಂಪಿನಲ್ಲಿ ಯಾವುದು ಎಷ್ಟಿದೆ ಅನ್ನುವ ಲೆಕ್ಕ ಮಾತ್ರ. ನಿಸರ್ಗದ ಆಯ್ಕೆ ಅಂದರೆ ಇದೇ. ಅದಕ್ಕೆ ಬೇಕಾದ್ದು ಮೂರೇ. ಗುಂಪಿನಲ್ಲಿ ವ್ಯತ್ಯಾಸ ಇರಬೇಕು. ಆ ವ್ಯತ್ಯಾಸದಿಂದಾಗಿ ಕೆಲವು ಉಳಿಯಬೇಕು, ಕೆಲವು ಹೋಗಬೇಕು. ಉಳಿದದ್ದು ಮುಂದಿನವರಿಗೆ ದಾಟಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೂ ಏನೂ ಆಗುವುದಿಲ್ಲ. ಬದಲಾವಣೆಯ ಬಗ್ಗೆ ದಿನಾ ಮಾತಾಡಿಯೂ ನಿಂತಲ್ಲೇ ನಿಂತ ಕಂಪನಿಗಳಲ್ಲಿ ಈ ಮೂರರಲ್ಲಿ ಯಾವುದೋ ಒಂದು ಸುಮ್ನೆ ಕಾಣೆಯಾಗಿರುತ್ತದೆ. ಯಾವುದು ಅಂತ ಹುಡುಕುವುದೇ ನಿಮ್ಮ ಕೆಲಸ.

ಆಯ್ಕೆಗೆ ಒಳಗಾಗಬೇಕಾದ್ದು ಜನರಲ್ಲ

ಹಾಗಾದರೆ ಕಂಪನಿಯಲ್ಲಿ ಪತಂಗದ ಜಾಗದಲ್ಲಿ ಯಾರಿದ್ದಾರೆ? ನೌಕರರು ಅಂತ ಅಂದುಕೊಂಡರೆ ಇಡೀ ಹೋಲಿಕೆ ಕ್ರೂರವಾಗಿಬಿಡುತ್ತದೆ. ಪ್ರತಿ ವರ್ಷ ಕೆಲಸದ ಮೌಲ್ಯಮಾಪನದಲ್ಲಿ ಕೊನೆಯ ಸಾಲಿಗೆ ಬಿದ್ದವರನ್ನು ಮನೆಗೆ ಕಳಿಸಿ, ಅದಕ್ಕೆ ಡಾರ್ವಿನ್ ಹೆಸರು ಹೇಳುವವರಿದ್ದಾರೆ. ಅದನ್ನು ನಾನು ಪೂರ್ತಿ ವಿರೋಧಿಸುತ್ತೇನೆ.

ಆ ಜಾಗದಲ್ಲಿ ಇಡಬೇಕಾದ್ದು ಕೆಲಸದ ರೂಢಿಗಳನ್ನು. ಅರ್ಥಶಾಸ್ತ್ರಜ್ಞರಾದ ರಿಚರ್ಡ್ ನೆಲ್ಸನ್ ಮತ್ತು ಸಿಡ್ನಿ ವಿಂಟರ್ 1982ರಲ್ಲೇ ಈ ವಿಚಾರವನ್ನು ವಿವರವಾಗಿ ಮಂಡಿಸಿದರು. ಜೀವಿಗೆ ಜೀನ್ ಇದ್ದಂತೆ ಸಂಸ್ಥೆಗೆ ಅದರ ರೂಢಿಗಳು ಎಂಬುದು ಅವರ ವಾದ. ದೂರು ಬಂದಾಗ ಮೊದಲು ಯಾರಿಗೆ ಹೇಳುತ್ತೇವೆ, ಬೆಲೆ ಹೇಗೆ ಕಟ್ಟುತ್ತೇವೆ, ಹೊಸಬರಿಗೆ ಮೊದಲ ವಾರ ಏನು ಕಲಿಸುತ್ತೇವೆ, ಇಂಥವು. ಜನ ಬಿಟ್ಟು ಹೋಗುತ್ತಾರೆ, ಹೊಸಬರು ಬರುತ್ತಾರೆ. ರೂಢಿ ಮಾತ್ರ ಅಲ್ಲೇ ಇರುತ್ತದೆ.

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ನಿಮ್ಮ ತಂಡದ ರೂಢಿಗಳನ್ನು ‘ಹೀಗಾದಾಗ ಹೀಗೆ ಮಾಡುತ್ತೇವೆ’ ಎಂಬ ರೂಪದಲ್ಲಿ ಬರೆಯಿರಿ. ನೀತಿ ಪುಸ್ತಕದಲ್ಲಿರುವುದನ್ನಲ್ಲ, ನಿಜವಾಗಿ ನಡೆಯುವುದನ್ನು. ಎರಡೂ ಬೇರೆ ಬೇರೆಯಾಗಿರುವುದೇ ಜಾಸ್ತಿ. ಒಂದು ರೂಢಿ ಸೋತರೆ ಯಾರ ಕೆಲಸವೂ ಹೋಗುವುದಿಲ್ಲ ಎಂದು ಎಲ್ಲರೆದುರು ಸ್ಪಷ್ಟವಾಗಿ ಹೇಳಿ, ಹೇಳಿದಂತೆ ನಡೆದುಕೊಳ್ಳಿ. ಆ ಭರವಸೆ ಇಲ್ಲದಿದ್ದರೆ ಮುಂದಿನ ಯಾವ ಹೆಜ್ಜೆಯೂ ಕೆಲಸ ಮಾಡದು. ಭಯ ಇರುವ ಕಡೆ ಜನ ತಮ್ಮ ಬೇರೆ ರೀತಿಯನ್ನು ಮುಚ್ಚಿಡುತ್ತಾರೆ, ವ್ಯತ್ಯಾಸ ಕಾಣುವುದೇ ಇಲ್ಲ.

ಈಗಾಗಲೇ ಇರುವ ವ್ಯತ್ಯಾಸ ಹುಡುಕಿ

ಹೊಸ ಐಡಿಯಾಗಳ ಸಭೆ ಕರೆಯುವ ಮೊದಲು ಒಂದು ಕೆಲಸ ಮಾಡಿ. ಒಂದೇ ಕೆಲಸವನ್ನು ನಿಮ್ಮವರು ಎಷ್ಟು ಬಗೆಯಲ್ಲಿ ಮಾಡುತ್ತಿದ್ದಾರೆ ನೋಡಿ. ಕಪ್ಪು ಪತಂಗ ಮಸಿ ಬಂದ ಮೇಲೆ ಬೇಕೆಂದು ಹುಟ್ಟಿದ್ದಲ್ಲ. ವ್ಯತ್ಯಾಸ ಅಗತ್ಯವನ್ನು ಕೇಳಿಕೊಂಡು ಬರುವುದಿಲ್ಲ. ಅದು ಬಂದಿರುತ್ತದೆ, ನಾವು ನೋಡಿರುವುದಿಲ್ಲ.

ನಮ್ಮ ತಂಡದ್ದೇ ಒಂದು ಉದಾಹರಣೆ ಕೊಡುತ್ತೇನೆ. ಗ್ರಾಹಕರ ಬಿಲ್ಲಿನಲ್ಲಿ ತೆರಿಗೆ ಲೆಕ್ಕ ತಪ್ಪಾಗಿ ಬರುತ್ತಿದೆ ಎಂಬ ದೂರು ನಮಗೆ ಪದೇ ಪದೇ ಬರುತ್ತದೆ. ಸೆಟ್ಟಿಂಗ್ ಸರಿ ಮಾಡಿ, ‘ಸರಿಯಾಗಿದೆ, ಪರಿಶೀಲಿಸಿ’ ಎಂದು ಮೇಲ್ ಕಳಿಸಿ, ಟಿಕೆಟ್, ಅಂದರೆ ಆ ದೂರಿನ ದಾಖಲೆ, ಮುಚ್ಚುವುದು ನಮ್ಮ ರೂಢಿ. ರಾತ್ರಿ ಪಾಳಿಯ ಒಬ್ಬ ಸಹೋದ್ಯೋಗಿ ಹಾಗೆ ಮಾಡುತ್ತಿರಲಿಲ್ಲ. ಸೆಟ್ಟಿಂಗ್ ಸರಿ ಮಾಡಿದ ಮೇಲೆ ಫೋನ್ ಮಾಡುತ್ತಿದ್ದರು. ‘ಈಗ ನೀವೇ ಒಂದು ಹೊಸ ಬಿಲ್ ಮಾಡಿ ಸರ್, ನಾನು ಲೈನ್‌ನಲ್ಲೇ ಇರ್ತೀನಿ’ ಅನ್ನುತ್ತಿದ್ದರು. ಗ್ರಾಹಕರು ಬಿಲ್ ಮಾಡುತ್ತಾ ಎಲ್ಲಿ ಒತ್ತುತ್ತಾರೆ ಅನ್ನುವುದನ್ನು ಬಾಯಿಬಿಟ್ಟು ಹೇಳುತ್ತಿದ್ದರು. ಹಳೆಯ ಬಿಲ್ಲನ್ನೇ ಕಾಪಿ ಮಾಡಿ ಹೊಸದು ಮಾಡುತ್ತಿದ್ದಾರೆ, ಹಳೆಯ ತಪ್ಪು ತೆರಿಗೆಯೂ ಅದರೊಂದಿಗೇ ಬರುತ್ತಿದೆ ಅನ್ನುವುದು ಆಗ ಕಿವಿಗೆ ಬೀಳುತ್ತಿತ್ತು. ಅದನ್ನೂ ಅಲ್ಲೇ ಸರಿ ಮಾಡಿ, ಬಿಲ್ ಸರಿಯಾಗಿ ಬಂದ ಮೇಲಷ್ಟೇ ಟಿಕೆಟ್ ಮುಚ್ಚುತ್ತಿದ್ದರು.

ಅವರನ್ನು ಯಾರೂ ಗಮನಿಸಿರಲಿಲ್ಲ. ವರದಿಯಲ್ಲಿ ಅವರು ನಿಧಾನ ಅಂತಲೇ ಕಾಣುತ್ತಿತ್ತು. ಮುಚ್ಚಿದ ಮೇಲೆ ಮತ್ತೆ ತೆರೆದ ಟಿಕೆಟ್‌ಗಳನ್ನು ಹೆಸರುವಾರು ವಿಂಗಡಿಸಿದಾಗ ಅವರ ಸಾಲು ಹೆಚ್ಚುಕಡಿಮೆ ಖಾಲಿ ಇತ್ತು. ಈ ವಿಂಗಡಣೆ ಯಾರು ಬೇಕಾದರೂ ಮಾಡಬಹುದು. ಒಂದೇ ಬಗೆಯ ಕೆಲಸ ತೆಗೆದುಕೊಳ್ಳಿ, ಪರಿಣಾಮವನ್ನು ವ್ಯಕ್ತಿವಾರು ಇಲ್ಲವೇ ಪಾಳಿವಾರು ಬಿಡಿಸಿ, ತೀರಾ ಬೇರೆ ಕಾಣುವ ಸಾಲಿನ ಹತ್ತಿರ ಹೋಗಿ ಪಕ್ಕದಲ್ಲಿ ಕೂತು ನೋಡಿ. ಅವರನ್ನು ಕೇಳಿದರೆ ಸಾಲದು. ತಾವು ಬೇರೆ ರೀತಿ ಮಾಡುತ್ತಿದ್ದೇವೆ ಅನ್ನುವುದು ಅವರಿಗೇ ಗೊತ್ತಿರುವುದಿಲ್ಲ.

ಹೊಸ ವ್ಯತ್ಯಾಸ ಬೇಕಾದರೆ ಅದನ್ನು ಸಣ್ಣದಾಗಿ, ಕಡಿಮೆ ಖರ್ಚಿನಲ್ಲಿ, ಹಿಂದಕ್ಕೆ ತರಲು ಆಗುವಂತೆ ಮಾಡಿ. ಒಂದೇ ದೊಡ್ಡ ಬದಲಾವಣೆಯನ್ನು ಇಡೀ ಕಂಪನಿಗೆ ಒಮ್ಮೆಲೇ ಹೇರಿದರೆ ಅಲ್ಲಿ ಆಯ್ಕೆಗೆ ಏನೂ ಉಳಿಯುವುದಿಲ್ಲ. ಎಲ್ಲವೂ ಒಂದೇ ಆಗಿಬಿಟ್ಟಿರುತ್ತದೆ.

ಬೇರೆ ಬೇರೆ ಸೀಸೆಗಳು

ಜೀವಶಾಸ್ತ್ರದಲ್ಲಿ ನನಗೆ ತುಂಬಾ ಇಷ್ಟವಾದ ಪ್ರಯೋಗ ಅಮೆರಿಕದ ಜೀವಶಾಸ್ತ್ರಜ್ಞ ರಿಚರ್ಡ್ ಲೆನ್ಸ್ಕಿ ಅವರದು. 1988ರ ಫೆಬ್ರವರಿಯಲ್ಲಿ ಇ. ಕೋಲೈ ಬ್ಯಾಕ್ಟೀರಿಯಾವನ್ನು 12 ಸೀಸೆಗಳಲ್ಲಿ ಇಟ್ಟರು. ಎಲ್ಲವೂ ಒಂದೇ ಮೂಲದ್ದು, ಎಲ್ಲಕ್ಕೂ ಒಂದೇ ಆಹಾರ. ಪ್ರತಿದಿನ ಪ್ರತಿ ಸೀಸೆಯಿಂದ ನೂರರಲ್ಲಿ ಒಂದು ಭಾಗವನ್ನು ಹೊಸ ಸೀಸೆಗೆ ದಾಟಿಸುವುದು. 500 ತಲೆಮಾರಿಗೊಮ್ಮೆ ಸ್ವಲ್ಪ ತೆಗೆದು ಫ್ರೀಜರ್‌ನಲ್ಲಿ ಇಡುವುದು. ಪ್ರಯೋಗ ದಶಕಗಳ ಕಾಲ ನಡೆದಿದೆ.

ಆ ಸೀಸೆಗಳ ದ್ರಾವಣದಲ್ಲಿ ಸಿಟ್ರೇಟ್ ಎಂಬ ಪದಾರ್ಥವೂ ಇತ್ತು. ಆಮ್ಲಜನಕ ಇರುವಾಗ ಇ. ಕೋಲೈ ಅದನ್ನು ಆಹಾರವಾಗಿ ಬಳಸಲಾರದು. ಸುಮಾರು 31,500 ತಲೆಮಾರು ಕಳೆದ ಮೇಲೆ ಒಂದೇ ಒಂದು ಸೀಸೆಯ ಬ್ಯಾಕ್ಟೀರಿಯಾ ಅದನ್ನು ತಿನ್ನತೊಡಗಿತು. ಉಳಿದ 11ರಲ್ಲಿ ಆಗಲಿಲ್ಲ. ಆಮೇಲೆ ಫ್ರೀಜರ್‌ನಿಂದ ಹಳೆಯ ಬ್ಯಾಕ್ಟೀರಿಯಾ ತೆಗೆದು ಮತ್ತೆ ಬೆಳೆಸಿ ನೋಡಿದರು. ತೀರಾ ಹಳೆಯವು ಆ ಗುಣವನ್ನು ಮತ್ತೆ ಪಡೆಯಲಿಲ್ಲ. ಸುಮಾರು 20,000 ತಲೆಮಾರಿನ ನಂತರದವುಗಳಲ್ಲಿ ಕೆಲವು ಪಡೆದವು. ಅಂದರೆ ದಾರಿಯಲ್ಲಿ ಮೊದಲೇ ಆಗಿದ್ದ ಬದಲಾವಣೆಗಳು ಅದಕ್ಕೆ ನೆಲ ಹದ ಮಾಡಿದ್ದವು. ಆ ಹೊತ್ತಿಗೆ ನೋಡಿದ್ದರೆ, ಸಿಟ್ರೇಟ್‌ಗೂ ಅವಕ್ಕೂ ಸಂಬಂಧವಿದೆ ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಇದರಿಂದ ನಾನು ಎರಡು ಅಭ್ಯಾಸ ಮಾಡಿಕೊಂಡಿದ್ದೇನೆ. ಒಂದು, ತಂಡಗಳ ಪ್ರಯೋಗಗಳನ್ನು ಬೇಗ ಬೆರೆಸುವುದಿಲ್ಲ. ಹಗಲು ಪಾಳಿ ಒಂದು ರೀತಿ, ರಾತ್ರಿ ಪಾಳಿ ಇನ್ನೊಂದು ರೀತಿ ಮಾಡುತ್ತಿದ್ದರೆ, ‘ಎಲ್ಲರೂ ಒಂದೇ ಥರ ಮಾಡೋಣ’ ಎಂಬ ಆಸೆಯನ್ನು ಸ್ವಲ್ಪ ಕಾಲ ತಡೆಯಬೇಕು. ಏಕರೂಪ ನೋಡಲು ಚೆಂದ, ಆದರೆ 12 ಸೀಸೆಯನ್ನೂ ಒಂದಕ್ಕೆ ಸುರಿದಂತೆ ಆಗುತ್ತದೆ. ಇನ್ನೊಂದು, ಕೈಬಿಟ್ಟ ಪ್ರಯೋಗಗಳನ್ನು ಅಳಿಸುವುದಿಲ್ಲ. ಏನು ಮಾಡಿದೆವು, ಆಗ ಪರಿಸ್ಥಿತಿ ಹೇಗಿತ್ತು, ಯಾಕೆ ಬಿಟ್ಟೆವು, ಇಷ್ಟನ್ನು ಒಂದು ಪುಟದಲ್ಲಿ ಬರೆದಿಡುತ್ತೇವೆ. ನಮ್ಮ ಫ್ರೀಜರ್ ಅದೇ.

ಅಮೆರಿಕದ 3ಎಂ ಕಂಪನಿಯಲ್ಲಿ ಸ್ಪೆನ್ಸರ್ ಸಿಲ್ವರ್ ಎಂಬ ವಿಜ್ಞಾನಿ 1968ರಲ್ಲಿ ಗಟ್ಟಿ ಅಂಟು ಹುಡುಕುತ್ತಿದ್ದಾಗ ಸಿಕ್ಕಿದ್ದು ಸರಿಯಾಗಿ ಅಂಟದ ಅಂಟು. ಅದನ್ನು ಎಸೆಯದೆ ಅವರು ಕಂಪನಿಯೊಳಗೆ ಅದರ ಬಗ್ಗೆ ಹೇಳುತ್ತಲೇ ಇದ್ದರು. ಹಾಡಿನ ಪುಸ್ತಕದಲ್ಲಿ ಪುಟ ಗುರುತಿಗೆ ಇಟ್ಟ ಚೀಟಿ ಬೀಳುತ್ತದೆ ಎಂಬ ತೊಂದರೆಯಲ್ಲಿದ್ದ ಅದೇ ಕಂಪನಿಯ ಆರ್ಟ್ ಫ್ರೈ ಅವರಿಗೆ 1974ರಲ್ಲಿ ಆ ಅಂಟು ನೆನಪಾಯಿತು. ಅಂಟಿಸಿ ಮತ್ತೆ ಕೀಳಬಹುದಾದ ಪೋಸ್ಟ್-ಇಟ್ ಚೀಟಿ ಅಮೆರಿಕದ ಎಲ್ಲ ಕಡೆ ಮಾರಾಟಕ್ಕೆ ಬಂದದ್ದು 1980ರಲ್ಲಿ. ಒಂದು ಕೆಲಸಕ್ಕೆಂದು ಬಂದ ಗುಣ ಇನ್ನೊಂದಕ್ಕೆ ಒದಗುವುದು ಜೀವಲೋಕದಲ್ಲಿ ಮಾಮೂಲು. ಗರಿಗಳು ಹಾರಾಟಕ್ಕಿಂತ ಮೊದಲೇ, ಹಾರಲಾಗದ ಡೈನೋಸಾರ್‌ಗಳ ಮೈಮೇಲೆ ಇದ್ದವು.

ಅಳತೆಗೋಲೇ ನಿಮ್ಮ ಪರಿಸರ

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ನಿಸರ್ಗದಲ್ಲಿ ಪರಿಸರ ಆಯ್ಕೆ ಮಾಡುತ್ತದೆ. ಕಂಪನಿಯೊಳಗೆ ಆಯ್ಕೆ ಮಾಡುವುದು ನೀವು ಇಟ್ಟ ಅಳತೆಗೋಲು. ನೀವು ಬಾಯಲ್ಲಿ ಏನು ಹೇಳುತ್ತೀರಿ ಅನ್ನುವುದನ್ನು ಅದು ಕೇಳಿಸಿಕೊಳ್ಳುವುದಿಲ್ಲ.

ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿಲಿಯಂ ಮ್ಯೂರ್ 1990ರ ದಶಕದಲ್ಲಿ ಕೋಳಿಗಳ ಮೇಲೆ ಮಾಡಿದ ಕೆಲಸವನ್ನು ಎಲ್ಲ ಮ್ಯಾನೇಜರ್‌ಗಳೂ ತಿಳಿದುಕೊಳ್ಳಬೇಕು. ಪಂಜರದಲ್ಲಿ ಗುಂಪಾಗಿ ಸಾಕಿದ ಕೋಳಿಗಳಿಂದ ಹೆಚ್ಚು ಮೊಟ್ಟೆ ಪಡೆಯುವುದು ಹೇಗೆ ಅನ್ನುವುದು ಪ್ರಶ್ನೆ. ಗುಂಪಿನಲ್ಲಿ ಅತಿ ಹೆಚ್ಚು ಮೊಟ್ಟೆ ಇಡುವ ಒಂದು ಕೋಳಿಯನ್ನು ಮಾತ್ರ ಆರಿಸಿ ತಳಿ ಮಾಡುತ್ತಾ ಹೋದರೆ ಸಿಗುವುದು ಜಗಳಗಂಟಿ ಕೋಳಿಗಳು. ಪಕ್ಕದ ಕೋಳಿಗಳನ್ನು ಕುಕ್ಕಿ ಹಿಂದೆ ತಳ್ಳಿಯೇ ಅದು ಮುಂದೆ ಬಂದಿರುತ್ತದೆ. ಅಂಥವನ್ನೇ ಒಂದು ಪಂಜರದಲ್ಲಿ ಕೂಡಿದರೆ ಒಂದನ್ನೊಂದು ಕುಕ್ಕಿ ಸಾಯಿಸುತ್ತವೆ. ಅದರ ಬದಲು ಒಟ್ಟಾರೆ ಹೆಚ್ಚು ಮೊಟ್ಟೆ ಕೊಟ್ಟ ಪಂಜರವನ್ನೇ ಇಡಿಯಾಗಿ ಆರಿಸಿ ತಳಿ ಮುಂದುವರಿಸಿದಾಗ ಕೆಲವೇ ತಲೆಮಾರಿನಲ್ಲಿ ಮೊಟ್ಟೆ ಹೆಚ್ಚಿತು, ಸಾವು ಕಡಿಮೆಯಾಯಿತು.

ನಮ್ಮಲ್ಲಿ ಹಿಂದೆ ಇದ್ದ ಅಳತೆ, ಒಬ್ಬರು ದಿನಕ್ಕೆ ಎಷ್ಟು ಟಿಕೆಟ್ ಮುಚ್ಚಿದರು ಅನ್ನುವುದು. ಅದು ಏನನ್ನು ಬೆಳೆಸುತ್ತದೆ ಅಂತ ಯೋಚಿಸಿ. ಸುಲಭದ ದೂರನ್ನು ಮೊದಲು ಎತ್ತಿಕೊಳ್ಳುವ ರೂಢಿ ಬೆಳೆಯುತ್ತದೆ. ಕಷ್ಟದ್ದನ್ನು ಪಕ್ಕದವರಿಗೆ ದಾಟಿಸುವ ರೂಢಿ ಬೆಳೆಯುತ್ತದೆ. ಪೂರ್ತಿ ಸರಿಯಾಗುವ ಮೊದಲೇ ಮುಚ್ಚುವ ರೂಢಿ ಬೆಳೆಯುತ್ತದೆ. ಇದಕ್ಕೆ ಯಾರೂ ಕೆಟ್ಟವರಾಗಿರಬೇಕಿಲ್ಲ. ಆ ಅಳತೆಯ ಕೆಳಗೆ ರಾತ್ರಿ ಪಾಳಿಯ ಆ ಫೋನ್ ಕರೆ ಇನ್ನು ಸ್ವಲ್ಪ ದಿನದಲ್ಲಿ ಸತ್ತೇ ಹೋಗುತ್ತಿತ್ತು. ಈಗ ನಾವು ನೋಡುವುದು, ಮುಚ್ಚಿದ ಟಿಕೆಟ್ 7 ದಿನದೊಳಗೆ ಮತ್ತೆ ತೆರೆಯಿತೇ ಅನ್ನುವುದು. ಅದೂ ವ್ಯಕ್ತಿವಾರು ಅಲ್ಲ, ಪಾಳಿವಾರು. ಹೆಸರುವಾರು ಪಟ್ಟಿ ಹೊಸ ರೂಢಿ ಹುಡುಕಲಿಕ್ಕೆ ಮಾತ್ರ, ಬೋನಸ್ ಲೆಕ್ಕಕ್ಕೆ ಅದನ್ನು ತರುವುದಿಲ್ಲ.

ಯಾವ ಅಳತೆ ಇಡುವಾಗಲೂ ಕಾಗದದ ಮೇಲೆ ಒಂದು ಪ್ರಶ್ನೆ ಬರೆದುಕೊಳ್ಳಿ: ಗ್ರಾಹಕರಿಗೆ ಏನೂ ಒಳ್ಳೆಯದು ಮಾಡದೆ ಈ ಸಂಖ್ಯೆಯನ್ನು ಏರಿಸಲು ಸಾಧ್ಯವೇ? ಸಾಧ್ಯವಾದರೆ ಆ ದಾರಿಯನ್ನು ಯಾರಾದರೂ ಕಂಡುಕೊಂಡೇ ಕೊಳ್ಳುತ್ತಾರೆ.

ಅಳತೆ ಸರಿ ಇದ್ದರೆ ಅದು ಮೇಲಿನವರಿಗಿಂತ ಮುಂದೆ ಹೋಗಬಲ್ಲದು. ಕಂಪ್ಯೂಟರ್ ಚಿಪ್ ಮಾಡುವ ಇಂಟೆಲ್ ಶುರುವಿನಲ್ಲಿ ಮೆಮೊರಿ ಚಿಪ್ ಕಂಪನಿ. ಅದರ ಕಾರ್ಖಾನೆಗಳಲ್ಲಿ ಯಾವ ಚಿಪ್‌ಗೆ ಎಷ್ಟು ಸಿಲಿಕಾನ್ ವೇಫರ್ (ಚಿಪ್ ಮಾಡುವ ತೆಳು ಬಿಲ್ಲೆ) ಕೊಡಬೇಕು ಅನ್ನುವುದಕ್ಕೆ ಒಂದು ನಿಯಮವಿತ್ತು: ವೇಫರ್ ಒಂದಕ್ಕೆ ಎಷ್ಟು ಲಾಭಾಂಶ ಬರುತ್ತದೆ ಎಂದು ನೋಡುವುದು. ಜಪಾನಿನ ಪೈಪೋಟಿಯಿಂದ ಮೆಮೊರಿ ಚಿಪ್ ಬೆಲೆ ಬಿದ್ದಂತೆ, ವೇಫರ್‌ಗಳು ತಾವಾಗಿಯೇ ಕಂಪ್ಯೂಟರಿನ ಮಿದುಳಿನಂಥ ಮೈಕ್ರೋಪ್ರೊಸೆಸರ್ ಚಿಪ್ ಕಡೆಗೆ ಹರಿದವು. ಮೆಮೊರಿಯೇ ನಮ್ಮ ಗುರುತು ಅಂತ ಮೇಲಿನವರು ಇನ್ನೂ ನಂಬಿದ್ದರು. 1985ರಲ್ಲಿ ಕಂಪನಿ ನಡೆಸುತ್ತಿದ್ದ ಆ್ಯಂಡಿ ಗ್ರೋವ್ ಮತ್ತು ಗಾರ್ಡನ್ ಮೂರ್ ಆ ವ್ಯಾಪಾರ ಬಿಡುವ ತೀರ್ಮಾನಕ್ಕೆ ಬಂದಾಗ, ಕಾರ್ಖಾನೆ ಬಹುಮಟ್ಟಿಗೆ ಅದನ್ನು ಮೊದಲೇ ಬಿಟ್ಟಾಗಿತ್ತು. ಅಲ್ಲಿ ಯಾರೋ ಒಬ್ಬರು ಭವಿಷ್ಯ ಕಂಡದ್ದಲ್ಲ, ನಿಯಮ ಪ್ರಾಮಾಣಿಕವಾಗಿತ್ತು.

ಮಳೆ ಬಂದಾಗ

ಗಾಲಾಪಗೋಸ್‌ನ ಡಾಫ್ನೆ ಮೇಜರ್ ಎಂಬ ಪುಟ್ಟ ಪೆಸಿಫಿಕ್ ದ್ವೀಪದಲ್ಲಿ ಜೀವವಿಜ್ಞಾನಿಗಳಾದ ಪೀಟರ್ ಮತ್ತು ರೋಸ್‌ಮರಿ ಗ್ರಾಂಟ್ ದಂಪತಿ 1973ರಿಂದ ಫಿಂಚ್ ಹಕ್ಕಿಗಳನ್ನು ಹಿಡಿದು, ಕಾಲಿಗೆ ಬಳೆ ಹಾಕಿ, ಕೊಕ್ಕು ಅಳೆದು ಬಿಡುತ್ತಿದ್ದರು. 1977ರಲ್ಲಿ ಬರ ಬಂತು. ಸಣ್ಣ ಮೆತ್ತನೆ ಬೀಜ ಮುಗಿದು ಗಟ್ಟಿ ಬೀಜ ಉಳಿದವು. ಮಧ್ಯಮ ಗಾತ್ರದ ನೆಲದ ಫಿಂಚ್‌ಗಳಲ್ಲಿ ಸುಮಾರು ಶೇ. 85 ಸತ್ತವು. ಉಳಿದವು ಹೆಚ್ಚಾಗಿ ದಪ್ಪ ಕೊಕ್ಕಿನವು, ಮುಂದಿನ ಪೀಳಿಗೆಯ ಕೊಕ್ಕು ಸರಾಸರಿ ಶೇ. 4ರಷ್ಟು ದಪ್ಪವಾಯಿತು. ದಪ್ಪ ಕೊಕ್ಕೇ ಶ್ರೇಷ್ಠ ಅಂತ ಆಗ ಯಾರಾದರೂ ತೀರ್ಮಾನಿಸಬಹುದಿತ್ತು. 1983ರಲ್ಲಿ ಎಲ್ ನಿನೋ, ಅಂದರೆ ಪೆಸಿಫಿಕ್ ಸಾಗರ ಬಿಸಿಯಾದಾಗ ಬರುವ, ಭಾರಿ ಮಳೆ ಸುರಿಯಿತು. ದ್ವೀಪದ ತುಂಬಾ ಸಣ್ಣ ಬೀಜದ ಗಿಡಗಳು. ಈ ಸಲ ಸಣ್ಣ ಕೊಕ್ಕಿನವು ಮುಂದೆ ಬಂದವು.

ಬರದಲ್ಲಿ ಸಣ್ಣ ಕೊಕ್ಕು ಪೂರ್ತಿ ಅಳಿದಿದ್ದರೆ ಮಳೆಯಲ್ಲಿ ಏನಾಗುತ್ತಿತ್ತು ಯೋಚಿಸಿ. ಆದ್ದರಿಂದ ಗೆದ್ದ ರೂಢಿಯನ್ನು ಕಂಪನಿಯ ಎಲ್ಲ ಕಡೆ ನೂರಕ್ಕೆ ನೂರು ಹರಡಬೇಡಿ. ಒಂದು ಸಣ್ಣ ತಂಡ ಹಳೆಯದನ್ನೋ ಬೇರೆಯದನ್ನೋ ಮುಂದುವರಿಸಲಿ. ಅದಕ್ಕೊಂದು ಸಣ್ಣ ಬಜೆಟ್ ಇರಲಿ, ಮುಖ್ಯ ತಂಡದ ಅಳತೆಗೋಲಿನಿಂದ ಅದನ್ನು ಅಳೆಯಬೇಡಿ. ಖರ್ಚು ಕಡಿತದ ಸಮಯದಲ್ಲಿ ಮೊದಲು ಕಣ್ಣು ಬೀಳುವುದೇ ಇದರ ಮೇಲೆ. ಆಗ ಗಟ್ಟಿಯಾಗಿ ನಿಲ್ಲಬೇಕಾದವರು ನೀವು. ಅಳತೆಗೋಲನ್ನೂ ಆಗಾಗ ಪರೀಕ್ಷಿಸಿ. ಗ್ರಾಹಕರು ಬದಲಾಗಿದ್ದಾರಾ, ಹೊಸ ಪೈಪೋಟಿ ಬಂದಿದೆಯಾ, ಹಿಂದೆ ಗೆದ್ದದ್ದು ಈಗಲೂ ಗೆಲ್ಲುತ್ತಿದೆಯಾ?

ದಾಟಿಸುವುದು

ಇಲ್ಲಿ ನಮಗೆ ಪತಂಗಕ್ಕಿಲ್ಲದ ಅನುಕೂಲವಿದೆ. ಪತಂಗದ ಗುಣ ಮರಿಗಳಿಗೆ ಮಾತ್ರ ಹೋಗುತ್ತದೆ. ನಾವು ಕಲಿತದ್ದನ್ನು ಪಕ್ಕದ ತಂಡಕ್ಕೂ ಕೊಡಬಹುದು, ಬ್ಯಾಕ್ಟೀರಿಯಾಗಳು ಒಂದಕ್ಕೊಂದು ಜೀನ್ ದಾಟಿಸುವ ಹಾಗೆ. ಸತ್ತು ಸತ್ತು ಕಲಿಯಬೇಕಾಗಿಲ್ಲ. ಮುಂದಿನದನ್ನು ಊಹಿಸುವ ಶಕ್ತಿಯೂ ನಮಗಿದೆ.

ಆದರೆ ನಕಲು ಮಾಡುವಾಗ ತಿರುಳು ಬಿದ್ದುಹೋಗಿ ಸಿಪ್ಪೆ ಮಾತ್ರ ದಾಟುವುದುಂಟು. ಆ ಫೋನ್ ಕರೆಯನ್ನು ಹಗಲು ಪಾಳಿಗೆ ಕಲಿಸಿದಾಗ ಹಾಗೇ ಆಯಿತು. ಎಲ್ಲರೂ ಫೋನ್ ಮಾಡತೊಡಗಿದರು, ‘ಸರಿ ಆಯ್ತಾ ಸರ್?’ ಎಂದು ಕೇಳಿದರು, ‘ಆಯ್ತು’ ಎಂದ ತಕ್ಷಣ ಇಟ್ಟರು. ಟಿಕೆಟ್‌ಗಳು ಮೊದಲಿನಂತೆಯೇ ಮತ್ತೆ ತೆರೆದವು. ಕೆಲಸ ಮಾಡುತ್ತಿದ್ದುದು ಫೋನ್ ಅಲ್ಲ, ಗ್ರಾಹಕರ ಕೈಯಲ್ಲೇ ಬಿಲ್ ಮಾಡಿಸುವುದು. ಹಾಗಾಗಿ ಈಗ ಯಾವ ರೂಢಿ ಬರೆದರೂ ‘ಏನು ಮಾಡಬೇಕು’ ಕೆಳಗೆ ‘ಯಾಕೆ ಕೆಲಸ ಮಾಡುತ್ತದೆ’ ಎಂದೂ ಬರೆಯುತ್ತೇವೆ. ಹೊಸ ತಂಡದವರು ಮೂಲದವರ ಪಕ್ಕ ಕೂತು ಒಂದೆರಡು ಪಾಳಿ ನೋಡಿದ ಮೇಲಷ್ಟೇ ತಾವು ಶುರು ಮಾಡುತ್ತಾರೆ.

ಶುರು ಮಾಡುವವರಿಗೆ

ಮೊದಲ ತಿಂಗಳು ಒಂದೇ ಕೆಲಸ ಆರಿಸಿ. ವಾರದಲ್ಲಿ ಹಲವು ಸಲ ಬರುವಂಥದ್ದು, ಪರಿಣಾಮ ಬೇಗ ಕಾಣುವಂಥದ್ದು. ವರ್ಷಕ್ಕೊಮ್ಮೆ ಮಾಡುವ ಕೆಲಸದಲ್ಲಿ ತಲೆಮಾರುಗಳೇ ಉರುಳುವುದಿಲ್ಲ, ಆಯ್ಕೆಗೆ ಸಮಯ ಸಿಗದು. ಲೆನ್ಸ್ಕಿ ಬ್ಯಾಕ್ಟೀರಿಯಾ ಆರಿಸಿಕೊಂಡದ್ದಕ್ಕೂ ಇದೇ ಕಾರಣ, ಅವುಗಳಲ್ಲಿ ದಿನಕ್ಕೆ ಆರಕ್ಕಿಂತ ಜಾಸ್ತಿ ತಲೆಮಾರು ಕಳೆಯುತ್ತವೆ.

ಆ ಕೆಲಸವನ್ನು ಈಗ ಯಾರು ಹೇಗೆ ಮಾಡುತ್ತಿದ್ದಾರೆ, ಬರೆಯಿರಿ. ಅದರಲ್ಲಿ ಎರಡು ಮೂರು ಬೇರೆ ರೀತಿಗಳನ್ನು ಬೇರೆ ಬೇರೆ ಗುಂಪಿಗೆ ಕೊಡಿ. ಯಾವ ಸಂಖ್ಯೆ ನೋಡಿ ತೀರ್ಮಾನಿಸುತ್ತೀರಿ, ಯಾವ ದಿನ ತೀರ್ಮಾನಿಸುತ್ತೀರಿ ಅನ್ನುವುದನ್ನು ಮೊದಲೇ ಗೋಡೆಗೆ ಅಂಟಿಸಿ. ಪ್ರಯೋಗ ಮುಗಿದ ಮೇಲೆ ಅಳತೆ ಆರಿಸಿದರೆ ನಮಗೆ ಇಷ್ಟವಾದದ್ದೇ ಗೆಲ್ಲುತ್ತದೆ, ಅಲ್ವಾ? ಆ ದಿನ ಬಂದಾಗ, ಮೇಲೆ ಹೇಳಿದ ಸಣ್ಣ ತಂಡವೊಂದನ್ನು ಬಿಟ್ಟು ಉಳಿದ ಕಡೆ ಸೋತದ್ದನ್ನು ನಿಜವಾಗಿ ನಿಲ್ಲಿಸಿ. ಇದು ಹೇಳಿದಷ್ಟು ಸುಲಭವಲ್ಲ. ಹೊಸ ರೂಢಿ ಸೇರಿಸುತ್ತಾ ಹಳೆಯದನ್ನೂ ಇಟ್ಟುಕೊಂಡರೆ ಜನರ ಮೇಲೆ ಹೊರೆ ಏರುತ್ತದೆಯೇ ಹೊರತು ಆಯ್ಕೆ ನಡೆಯುವುದಿಲ್ಲ. ಒಂದನ್ನು ಸೇರಿಸಿದ ದಿನವೇ ಒಂದನ್ನು ತೆಗೆಯಿರಿ. ತೆಗೆದದ್ದನ್ನು ಅದೇ ನೋಟ್‌ಬುಕ್‌ನ ಹಿಂದಿನ ಪುಟಗಳಲ್ಲಿ ತಾರೀಕು ಹಾಕಿ ಬರೆಯಿರಿ. ಅದನ್ನು ಶುರು ಮಾಡಿದವರ ಹತ್ತಿರ ನೀವೇ ಹೋಗಿ, ಏನಾಯಿತು, ಯಾಕೆ ನಿಲ್ಲಿಸುತ್ತಿದ್ದೇವೆ ಎಂದು ಹೇಳಿ, ಮೇಲ್‌ನಲ್ಲಿ ಬೇಡ. ಮುಂದಿನ ಪ್ರಯೋಗದಲ್ಲಿ ಮೊದಲ ಅವಕಾಶ ಅವರಿಗೇ ಕೊಡಿ.